ಅಲಗಿಗೆ ಕಡ್ಡಿ ಕೂಡಿಸಿದ ಕೈ

ನನ್ನ ಕೈಗೆ ತೂಕ ತಿಳಿಯುತ್ತದೆ. ಜಂಬಕ್ಕೆ ಹೇಳುತ್ತಿರುವುದಲ್ಲ. ಆ ಜಂಬದಿಂದಲೇ ಒಂದು ಮನೆ ಹಾಳಾಯಿತು; ಅದನ್ನು ಹೇಳಬೇಕಾದರೆ ಇಲ್ಲಿಂದಲೇ ಹೊರಡಬೇಕು. ಇವತ್ತಿಗೂ ಯಾರಾದರೂ ಎರಡು ಬದನೆಕಾಯಿ ಕೈಗಿಟ್ಟರೆ ಯಾವುದು ಹೆಚ್ಚು ತೂಕ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಸೊಸೆಗೆ ಅದೊಂದು ತಮಾಷೆ. ನೆಂಟರು ಬಂದಾಗಲೆಲ್ಲ ಮಾಡಿಸಿ ತೋರಿಸುತ್ತಾಳೆ.

ನಮ್ಮಪ್ಪ ಕೊರಟಗೆರೆಯಲ್ಲಿ ಅಕ್ಕಸಾಲಿ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಊರವರು ಅವನೆದುರಿಗೇ ಹೇಳಿ ನಗುತ್ತಿದ್ದರು, ಅವನೂ ನಗುತ್ತಿದ್ದ. ಅವನ ತಕ್ಕಡಿ ನನ್ನ ಅಂಗೈಗಿಂತ ಚಿಕ್ಕದು. ಒಂದು ತಟ್ಟೆಯಲ್ಲಿ ಮೂಗುತಿ, ಇನ್ನೊಂದರಲ್ಲಿ ಗುಲಗಂಜಿ ಬೀಜ. ತಕ್ಕಡಿಗೆ ಹಾಕುವ ಮೊದಲು ನನ್ನ ಕೈಗೆ ಕೊಟ್ಟು ಎಷ್ಟು ಗುಲಗಂಜಿ ಇದ್ದೀತು ಎಂದು ಕೇಳುತ್ತಿದ್ದ. ಹತ್ತಕ್ಕೆ ಎಂಟು ಸಲ ನನ್ನದೇ ಸರಿ. ಗಂಡುಮಕ್ಕಳಿಲ್ಲದ ಕೊರಗಿಗೋ ಏನೋ ನನಗೆ ಅಕ್ಷರವನ್ನೂ ಕಲಿಸಿದ. ಇಷ್ಟೆಲ್ಲ ಕಲಿಸಿ ಕೊನೆಗೆ ಮಿಡಿಗೇಶಿ ಬೆಟ್ಟದ ಹಿಂದಿನ ಒಂದು ಒಣ ಹಳ್ಳಿಗೆ, ಕಬ್ಬಿಣದ ಕುಲುಮೆಯವರ ಮನೆಗೆ ಕೊಟ್ಟ. ಚಿನ್ನ ತೂಗಿದ ಕೈ ಇದ್ದಿಲಿಗೆ ಬಿತ್ತು ಎಂದು ನಮ್ಮಕ್ಕಂದಿರು ಸಾಯುವವರೆಗೂ ಆಡಿಕೊಂಡರು.

ನನ್ನ ಗಂಡ ಕೆಟ್ಟವರಲ್ಲ. ಕೈ ಗಟ್ಟಿ, ಮಾತು ಕಡಿಮೆ, ಹೆದರಿಕೆ ಜಾಸ್ತಿ. ಊರಿಗೆ ಒಂದೇ ಕುಲುಮೆ ನಮ್ಮದು. ಸುಗ್ಗಿಯಲ್ಲಿ ಊರವರು ಕೊಡುವ ರಾಗಿಯಿಂದ ವರ್ಷ ಸಾಗುತ್ತಿತ್ತು. ಗುಳ, ಕುಡುಗೋಲು, ಗಾಡಿಯ ಪಟ್ಟಿ, ಇವೆಲ್ಲ ರೈತರ ಕೆಲಸ. ಯುಗಾದಿ ಹತ್ತಿರ ಬಂತೆಂದರೆ ಮಾತ್ರ ಬೇರೆ ಕೆಲಸ ಬರುತ್ತಿತ್ತು. ಬೆಟ್ಟದ ಬುಡದ ನಾಯಕರ ಹಟ್ಟಿಯಿಂದ ಬಾಣದ ಕಟ್ಟುಗಳು ಬರುತ್ತಿದ್ದವು.

ಯುಗಾದಿಯ ಮಾರನೆಯ ದಿನ ಹೊಸತೊಡಕು. ಬೇವುಬೆಲ್ಲ ತಿಂದ ಬಾಯಿಗೆ ಆ ದಿನ ಬಾಡು ಬೀಳಲೇಬೇಕು. ಊರಲ್ಲಿ ಕುರಿ ಕೋಳಿ ಕೊಯ್ದರೆ ಹಟ್ಟಿಯವರು ಬೇಟೆಗೆ ಹೋಗುತ್ತಿದ್ದರು. ಹಳ್ಳದ ಪೊದೆಗಳಲ್ಲಿ ಕಾಡುಹಂದಿ ಬೇಕಾದಷ್ಟಿದ್ದವು. ಕೋವಿ ಇದ್ದದ್ದು ಪಟೇಲರ ಮನೆಯಲ್ಲಿ ಒಂದು, ಅದೂ ಗೋಡೆಯ ಮೇಲೆ. ಉಳಿದವರಿಗೆಲ್ಲ ಬಿಲ್ಲೇ.

ಬಿಲ್ಲನ್ನು ನೋಡಿ ಹೊಗಳುವವರು ಬಹಳ, ಬಾಣವನ್ನು ನೋಡುವವರು ಕಡಿಮೆ. ಮೊಲಕ್ಕೂ ಕೌಜುಗಕ್ಕೂ ಮೊಳೆಯಂಥ ಸಣ್ಣ ಅಲಗು ಸಾಕು. ಹಂದಿಗೆ ಅದು ನಾಟಿದರೂ ಮುಳ್ಳು ಚುಚ್ಚಿದ ಹಾಗೆ ಓಡಿಬಿಡುತ್ತದೆ. ಹಂದಿಗೆ ಬೇಕಾದದ್ದು ಅಗಲದ ಅಲಗು, ಎರಡು ಕಡೆಯೂ ಬಾಯಿ ಇರುವಂಥದ್ದು, ಹೆಚ್ಚುಕಡಿಮೆ ವೀಳ್ಯದೆಲೆಯ ಚಿಗುರಿನಷ್ಟು. ಅದನ್ನು ಬಿದಿರ ಕಡ್ಡಿಯ ತುದಿಯಲ್ಲಿ ಅರಗು ಹಾಕಿ ಕೂಡಿಸಿ ಮೇಲೆ ನರದ ಹುರಿ ಸುತ್ತಬೇಕು. ಯಾವ ಅಲಗಿಗೆ ಯಾವ ಕಡ್ಡಿ ಎನ್ನುವುದರಲ್ಲೇ ಎಲ್ಲ ಇರುವುದು. ತೆಳ್ಳನೆಯ ಕಡ್ಡಿಗೆ ಭಾರದ ಅಲಗಿಟ್ಟರೆ ಬಿಟ್ಟ ಕೂಡಲೇ ಕಡ್ಡಿ ಬಳುಕಿ ಬಾಣ ಮೂಗು ತಗ್ಗಿಸುತ್ತದೆ. ದಪ್ಪ ಕಡ್ಡಿಗೆ ಹಗುರ ಅಲಗಿಟ್ಟರೆ ಗಾಳಿ ಅದನ್ನು ತನಗೆ ಬೇಕಾದ ಕಡೆ ಒಯ್ಯುತ್ತದೆ. ಕೂಡಿಸಿದ ಬಾಣವನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟರೆ, ನಡುವಿಗಿಂತ ನಾಲ್ಕು ಬೆರಳು ಅಲಗಿನ ಕಡೆಗೆ ಅದು ಅಲುಗದೆ ನಿಲ್ಲಬೇಕು. ಆಗ ಅದು ಹೇಳಿದ ಕಡೆ ಹೋಗುತ್ತದೆ.

ಇನ್ನೊಂದು ಸಂಗತಿ ಗುರುತು. ಹಂದಿಗೆ ಮೊದಲು ನಾಟಿದ ಬಾಣ ಯಾರದೋ, ತಲೆ ಮತ್ತು ತೊಡೆ ಅವನ ಮನೆಗೆ. ಹತ್ತು ಜನ ಬಾಣ ಬಿಟ್ಟ ಮೇಲೆ ಜಗಳ ಬಾರದಿರಲಿ ಎಂದು ಪ್ರತಿ ಮನೆಯ ಅಲಗಿಗೂ ಕುಲುಮೆಯಲ್ಲಿ ಒಂದು ಗುರುತು ಹಾಕುತ್ತಿದ್ದರು. ಅಲಗಿನ ಕೆಳಗೆ ಕಡ್ಡಿಯೊಳಗೆ ಹೋಗುವ ಮೊಳೆಯಿದೆಯಲ್ಲ, ಅದರ ಕತ್ತಿನಲ್ಲಿ ಉಳಿಯಿಂದ ಒಬ್ಬನಿಗೆ ಎರಡು ಗೀರು, ಇನ್ನೊಬ್ಬನಿಗೆ ಒಂದು ಚುಕ್ಕಿ, ಹೀಗೆ. ಮೇಲೆ ಅರಗು ಮುಚ್ಚಿಕೊಳ್ಳುವುದರಿಂದ ಹೊರಗೆ ಕಾಣುವುದಿಲ್ಲ, ಕಾಡಿನಲ್ಲಿ ಯಾರೂ ಕೆರೆದು ತಿದ್ದಲಾರರು. ಬೇಟೆ ಮುಗಿದ ಮೇಲೆ ಎಲ್ಲರೆದುರಿಗೆ ಕುಲುಮೆಯವನೇ ಬೆಂಕಿಗೆ ಹಿಡಿದು ಅರಗು ಕರಗಿಸಿ ಓದಬೇಕು. ಕಡ್ಡಿ ಮುರಿಯುತ್ತದೆ, ಬದಲಾಗುತ್ತದೆ. ಅಲಗು ಅಪ್ಪನಿಂದ ಮಗನಿಗೆ ಬರುತ್ತದೆ. ಹಾಗಾಗಿ ಗುರುತಿನ ಮಾತೇ ಕೊನೆಯ ಮಾತು.

ಆ ಬಾಣಗಳನ್ನು ಹೆಂಗಸರು ಮುಟ್ಟಬಾರದಿತ್ತು. ತಿದಿ ಒತ್ತಬಹುದು, ಇದ್ದಿಲು ಹೊರಬಹುದು, ಕಾದ ಗುಳಕ್ಕೆ ದೊಡ್ಡ ಸುತ್ತಿಗೆಯ ಏಟನ್ನೂ ಹಾಕಬಹುದು. ಹೊಸತೊಡಕಿನ ಬಾಣ ಮಾತ್ರ ಮುಟ್ಟಬಾರದು; ಮುಟ್ಟಿದರೆ ಅಲಗು ದಿಕ್ಕೆಡುತ್ತದೆ, ರಕ್ತಕ್ಕೆ ಬೀಳುತ್ತದೆ ಎನ್ನುತ್ತಿದ್ದರು. ನನಗೆ ಇಂಥವುಗಳಲ್ಲಿ ಆಗಲೂ ನಂಬಿಕೆ ಇರಲಿಲ್ಲ. ಮದುವೆಯಾಗಿ ಎರಡು ವರ್ಷದಲ್ಲೇ ನನ್ನ ಗಂಡ ಅಲಗುಗಳನ್ನು ಹಿತ್ತಲಿಗೆ ತಂದು, ಯಾರೂ ಇಲ್ಲದಾಗ ನನ್ನ ಕೈಗಿಟ್ಟು ತೂಕ ಕೇಳುತ್ತಿದ್ದರು. ಹೇಳುತ್ತಿದ್ದೆ. ಹೆಸರು ಅವರಿಗೆ ಬರುತ್ತಿತ್ತು. ಗಂಡನಿಗೆ ಬಂದ ಹೆಸರು ಹೆಂಡತಿಗೆ ಬಂದ ಹಾಗೇ ಎಂದು ಸುಮ್ಮನಿದ್ದೆ. ಒಳಗೊಳಗೆ ಮಾತ್ರ ಒಂದು ದಿನವೂ ಹಾಗೆ ಅನ್ನಿಸಲಿಲ್ಲ.

ಹಟ್ಟಿಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಪ್ಪ ಅಮ್ಮ ಬೇಗ ಹೋಗಿದ್ದರು. ತಮ್ಮನನ್ನೂ ಕೊನೆಯ ತಂಗಿಯನ್ನೂ ಅಣ್ಣನೇ ಸಾಕಿದ. ತಂಗಿಯನ್ನು ಪಾವಗಡದ ಕಡೆ, ನಾಗಲಮಡಿಕೆಯ ಹತ್ತಿರದ ಒಂದು ಊರಿಗೆ ಕೊಟ್ಟಿದ್ದ. ಅಣ್ಣ ಬಿಲ್ಲು ಹಿಡಿದರೆ ಹಟ್ಟಿಯವರು ಮಾತು ನಿಲ್ಲಿಸಿ ನೋಡುತ್ತಿದ್ದರು. ತಮ್ಮನದು ಅವಸರದ ಕೈ. ಅಣ್ಣ ಬೆಟ್ಟದ ಒಂದೇ ಮೆಳೆಯಿಂದ ಇಬ್ಬರಿಗೂ ಬಿದಿರು ಕಡಿದು ತರುತ್ತಿದ್ದ: ತನಗೆ ದಪ್ಪನೆಯದು, ತಮ್ಮನ ಬಿಲ್ಲು ಮೆತ್ತಗಿದ್ದುದರಿಂದ ಅವನಿಗೆ ತೆಳ್ಳನೆಯದು. ಗರಿಯೂ ಒಂದೇ ಹದ್ದಿನದು. ಇಬ್ಬರೂ ಮದುವೆಯಾಗಿ ಮಕ್ಕಳಾದ ಮೇಲೂ ಒಲೆ ಒಂದೇ ಇತ್ತು. ಎರಡು ಗೀರು ಅಣ್ಣನ ಗುರುತು, ಒಂದು ಚುಕ್ಕಿ ತಮ್ಮನದು.

ಆ ವರ್ಷ ಯುದ್ಧದ ಕಾಲ. ತುಮಕೂರಿನಿಂದ ಬರುತ್ತಿದ್ದ ಕಬ್ಬಿಣದ ಪಟ್ಟಿ ನಿಂತುಹೋಗಿತ್ತು. ಮುಂಚೆ ಒಬ್ಬನ ಅಲಗುಗಳೆಲ್ಲ ಒಂದೇ ಪಟ್ಟಿಯಿಂದ ಇಳಿಯುತ್ತಿದ್ದವು, ತೂಕ ಹೆಚ್ಚುಕಡಿಮೆ ಒಂದೇ. ಈಗ ಸಿಕ್ಕಿದ್ದರಲ್ಲಿ ಬಡಿಯಬೇಕು. ತಮ್ಮನ ಹೊಸ ಅಲಗುಗಳಲ್ಲಿ ಕೆಲವನ್ನು ಸವೆದ ಗಾಡಿ ಪಟ್ಟಿಯಿಂದ ಬಡಿದಿದ್ದರು, ಕೈಗೆ ಕಲ್ಲಿನಂತೆ ಭಾರ. ಅಣ್ಣನ ಕೆಲವನ್ನು ಒಡೆದ ಬಕೆಟ್ಟಿನ ಬಳೆಯಿಂದ ಮಾಡಿದ್ದರು, ಹಗುರ. ಒಂದರ ಮೇಲಂತೂ ಬಕೆಟ್ಟಿನ ರಿವೆಟ್ಟಿನ ತೂತು ಹಾಗೆಯೇ ಉಳಿದಿತ್ತು. ಗುರುತು ಹಾಕಿ ಮುಗಿಸಿದ ದಿನವೇ ನನ್ನ ಗಂಡನಿಗೆ ಚಳಿಜ್ವರ ಬಂತು.

ಯುಗಾದಿಗೆ ನಾಲ್ಕು ದಿನ ಉಳಿದಿತ್ತು. ಮಧುಗಿರಿ ಆಸ್ಪತ್ರೆಯಿಂದ ಯಾರೋ ತಂದುಕೊಟ್ಟ ಕ್ವಿನೈನ್ ನುಂಗಿ, ಎರಡು ಕಂಬಳಿ ಹೊದ್ದು, ಅವರು ಗಡಗಡ ನಡುಗುತ್ತ ಬಿದ್ದಿದ್ದರು. ಅರವತ್ತು ಬಾಣ ಕೂಡಿಸುವುದಿತ್ತು. ಬಾಣ ಆಗಲಿಲ್ಲ ಎಂದು ವಾಪಸು ಕಳಿಸುವುದುಂಟೇ, ಹೊಸತೊಡಕು ನಿಂತರೆ ಹಟ್ಟಿಯವರು ಕುಲುಮೆಯನ್ನೇ ಬದಲಾಯಿಸಿಯಾರು ಎಂದು ಅವರಿಗೆ ಜ್ವರಕ್ಕಿಂತ ಆ ಭಯ ಹೆಚ್ಚಾಯಿತು. ನಾನು ಮಾಡುತ್ತೇನೆ ಎಂದೆ. ಅವರು ಗೋಡೆಯ ಕಡೆ ತಿರುಗಿ, ಬಾಗಿಲು ಹಾಕ್ಕೊಂಡು ಮಾಡು ಎಂದರು.

ಬಾಗಿಲು ಹಾಕಿಕೊಂಡು ಮೂರು ಹಗಲು ಮಾಡಿದೆ. ಸುಳ್ಳು ಯಾಕೆ ಹೇಳಲಿ, ಅಂಥ ಸುಖ ನನಗೆ ಆ ಮನೆಯಲ್ಲಿ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಅಪ್ಪ ಕೊಟ್ಟಿದ್ದ ಹಳೆಯ ತಕ್ಕಡಿಯನ್ನು ಪೆಟ್ಟಿಗೆಯಿಂದ ತೆಗೆದೆ. ಒಂದೊಂದು ಅಲಗನ್ನೂ ಮೊದಲು ಅಂಗೈಯಲ್ಲಿ, ಆಮೇಲೆ ತಕ್ಕಡಿಯಲ್ಲಿ ತೂಗಿದೆ. ಕಡ್ಡಿಗಳನ್ನು ನೆಲದ ಮೇಲೆ ಉರುಳಿಸಿ ಸೊಟ್ಟ ಇದ್ದದ್ದನ್ನು ಕೆಂಡಕ್ಕೆ ಕಾಯಿಸಿ ನೆಟ್ಟಗೆ ಮಾಡಿದೆ. ಅರಗಿನ ಹೊಗೆಗೆ ಕಣ್ಣು ಉರಿಯುತ್ತಿತ್ತು. ಬೆರಳ ಮೇಲೆ ಇಟ್ಟ ಬಾಣ ಅಲುಗದೆ ನಿಂತಾಗ ಮೈ ಜುಮ್ಮೆನ್ನುತ್ತಿತ್ತು.

ಅಣ್ಣತಮ್ಮಂದಿರ ಕಟ್ಟಿಗೆ ಬಂದಾಗ ಕೆಲಸ ಕೆಟ್ಟಿತು. ತಮ್ಮನ ಭಾರದ ಅಲಗು ಅವನ ತೆಳ್ಳನೆಯ ಕಡ್ಡಿಗೆ ಹೊಂದುವುದಿಲ್ಲ. ಅಣ್ಣನ ಹಗುರದ ಅಲಗು ಅವನ ದಪ್ಪ ಕಡ್ಡಿಗೆ ಹೊಂದುವುದಿಲ್ಲ. ಮೂರು ಅಲಗು ಈ ಕಡೆ, ಮೂರು ಆ ಕಡೆ. ಸುಮ್ಮನೆ ಹಾಗೆಯೇ ಕೂಡಿಸಿದ್ದರೆ ಆರು ಬಾಣ ಅಡ್ಡಾದಿಡ್ಡಿ ಹೋಗುತ್ತಿದ್ದವು, ಅಷ್ಟೇ. ಅದಕ್ಕೆ ಯಾರೂ ಸಾಯುತ್ತಿರಲಿಲ್ಲ. ನನ್ನ ಕೈ ಒಪ್ಪಲಿಲ್ಲ. ಮೂರನ್ನೂ ಮೂರನ್ನೂ ಅದಲು ಬದಲು ಮಾಡಿ ನೋಡಿದೆ. ಆರಕ್ಕೆ ಆರೂ ಬೆರಳ ಮೇಲೆ ಕಲ್ಲಿನ ಹಾಗೆ ನಿಂತವು. ಗುರುತಿನ ಯೋಚನೆ ಬರಲಿಲ್ಲವೆಂದಲ್ಲ, ಬಂತು. ಒಂದೇ ಒಲೆಯವರು, ಹಂದಿಯ ತಲೆ ಅಣ್ಣನ ಹೆಸರಿಗೆ ಬಂದರೇನು ತಮ್ಮನ ಹೆಸರಿಗೆ ಬಂದರೇನು, ಬೇಯುವುದು ಒಂದೇ ಮಡಕೆಯಲ್ಲಿ ಎಂದುಕೊಂಡೆ. ಗುರುತು ಇರುವುದು ಬಾಡು ಹಂಚುವುದಕ್ಕೆ ಎಂದೇ ನಾನು ತಿಳಿದಿದ್ದು. ಅರಗು ಹಾಕಿ ಮುಚ್ಚಿದೆ. ಗಂಡ ಎದ್ದ ಮೇಲೆ ಹೇಳಿದರಾಯಿತು ಎಂದುಕೊಂಡವಳು ಹಬ್ಬದ ಗಡಿಬಿಡಿಯಲ್ಲಿ ಹೇಳಲಿಲ್ಲ.

ಆ ಹಬ್ಬಕ್ಕೆ ಪಾವಗಡದ ಕಡೆಯಿಂದ ತಂಗಿ, ಅವಳ ಗಂಡ ಬಂದಿದ್ದರು. ಮನೆಯ ಅಳಿಯನಾದ ಅವನಿಗೆ ಬಿಲ್ಲು ಬರುತ್ತಿರಲಿಲ್ಲ. ಹೊಸತೊಡಕಿನ ದಿನ ಅವನು ಪೊದೆ ಬಡಿದು ಹಂದಿ ಎಬ್ಬಿಸುವವರ ಸಾಲಿಗೆ ಹೋದ. ಅಣ್ಣ ತಮ್ಮ ಹಳ್ಳದ ಬಾಯಲ್ಲಿ ಒಬ್ಬರಿಂದೊಬ್ಬರು ಹತ್ತು ಮಾರು ದೂರದಲ್ಲಿ ನಿಂತಿದ್ದರಂತೆ. ಹಂದಿ ಇಬ್ಬರ ನಡುವೆಯೇ ನುಗ್ಗಿತು. ಇಬ್ಬರೂ ಒಟ್ಟಿಗೆ ಬಾಣ ಬಿಟ್ಟರು. ಸದ್ದು ಕೇಳಿ ಬಡಿಯುವವರ ಸಾಲು ಬಿಟ್ಟು ಮುಂದೆ ಓಡಿಬಂದಿದ್ದ ಅಳಿಯ ಪೊದೆಯ ಹಿಂದೆ ಕೂಗಿಕೊಂಡು ಬಿದ್ದ. ಹಂದಿ ಓಡಿಹೋಯಿತು. ಅವನನ್ನು ಅಣ್ಣನೇ ಬೆನ್ನ ಮೇಲೆ ಹೊತ್ತು ತಂದ. ಹೊರುವುದಕ್ಕೆ ಅಡ್ಡಬಂದ ಕಡ್ಡಿಯನ್ನು ಅವನೇ ಬುಡಕ್ಕೇ ಮುರಿದು ಎಸೆದಿದ್ದ. ಕಂಕುಳ ಕೆಳಗೆ ಹೊಕ್ಕ ಅಲಗು ಒಳಗೇ ಇತ್ತು. ಹಟ್ಟಿ ಮುಟ್ಟುವುದರೊಳಗೆ ಉಸಿರು ನಿಂತಿತ್ತು.

ಹಂದಿ ತಿವಿದು ಸತ್ತ ಎಂದು ಪಟೇಲರು ಮಧುಗಿರಿ ಠಾಣೆಗೆ ಬರೆದು ಕಳಿಸಿದರು. ಹಟ್ಟಿಯ ಮಾತು ಹಟ್ಟಿಯಲ್ಲೇ ಮುಗಿಯಲಿ ಎಂದು ಎಲ್ಲರೂ ಒಪ್ಪಿದರು. ಮಾರನೆಯ ಬೆಳಿಗ್ಗೆ ಕಟ್ಟೆಮನೆ ಕೂಡಿತು. ಹಟ್ಟಿಯ ನ್ಯಾಯ ನಡೆಯುವುದು ಅಲ್ಲಿ. ಮುದುಕ ಯಜಮಾನ ಕಂಬಳಿಯ ಮೇಲೆ ಕೂತಿದ್ದ. ಅಲಗನ್ನು ತೊಳೆದು ಮುತ್ತುಗದ ಎಲೆಯ ಮೇಲೆ ಇಟ್ಟಿದ್ದರು. ನನ್ನ ಗಂಡನನ್ನು ಕರೆಸಿದರು. ಜ್ವರ ಬಿಟ್ಟು ಎರಡು ದಿನ ಆಗಿತ್ತು, ಕಾಲು ಇನ್ನೂ ನಿಲ್ಲುತ್ತಿರಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋದವಳು ನಾನು. ಹೆಂಗಸರ ಜೊತೆ ದೂರ ನಿಂತೆ.

ದೂರದಿಂದಲೇ ನನಗೆ ಕಂಡದ್ದು ರಿವೆಟ್ಟಿನ ತೂತು. ಬಕೆಟ್ಟಿನ ಬಳೆಯ ಅಲಗು. ಅಣ್ಣನ ಗುರುತಿನದು, ನಾನು ತಮ್ಮನ ಕಡ್ಡಿಗೆ ಕೂಡಿಸಿದ್ದು. ನನ್ನ ಗಂಡ ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಕಾಯಿಸಿದರು. ಅರಗು ತೊಟ್ಟು ತೊಟ್ಟಾಗಿ ಬಿತ್ತು. ಬಟ್ಟೆಯಿಂದ ಒರೆಸಿ, ಬಿಸಿಲಿಗೆ ತಿರುಗಿಸಿ, ಎರಡು ಗೀರು ಎಂದರು. ಅವರಿಗೇನು ಗೊತ್ತು, ಕಂಡದ್ದನ್ನು ಹೇಳಿದರು.

ಯಜಮಾನ ಅಣ್ಣನನ್ನು ಕೇಳಿದ, ನಿನ್ನದೇನಾ ಎಂದು. ಅಣ್ಣ ಎದ್ದು ಬಂದು ಅಲಗನ್ನು ನೋಡಿದ. ಆಮೇಲೆ ಒಂದು ಸಲ ಜನರ ಕಡೆ ನೋಡಿದ. ಆ ನೋಟ ನನ್ನ ಮೇಲೆ ನಿಂತಿತೆಂದು ಅನ್ನಿಸಿತು. ನಾನು ಸೆರಗು ಎಳೆದುಕೊಂಡೆ.

“ಗುರುತು ನಂದೇ,” ಎಂದ.

ಬಾಯಿ ತೆರೆಯುವುದಕ್ಕೆ ಆಗ ಹೊತ್ತಿತ್ತು. ನಾನೊಂದು ಮಾತು ಆಡಿದ್ದರೆ ಊರಾಚೆಗೂ ಕೇಳಿಸುತ್ತಿತ್ತು. ತೀರ್ಪು ಚಿಕ್ಕದಾಗಿತ್ತು: ಮನುಷ್ಯನ ರಕ್ತ ಕುಡಿದ ಬಿಲ್ಲು ಇರಬಾರದು, ಅದನ್ನು ಹಿಡಿದವನು ಸಾಯುವವರೆಗೆ ಬೇಟೆಗೆ ಬರಬಾರದು, ಹೊಸತೊಡಕಿನ ದಿನ ಹಟ್ಟಿಯಲ್ಲಿ ಇರಬಾರದು. ಬಿಲ್ಲನ್ನು ಒಡಹುಟ್ಟಿದವನೇ ಮುರಿಯಬೇಕೆಂಬುದು ಅವರ ಕಟ್ಟಳೆ. ತಮ್ಮ ಅಳುತ್ತ ಎದ್ದು ಬಂದು ಅಣ್ಣನ ಬಿಲ್ಲನ್ನು ಮೊಣಕಾಲಿಗೆ ಕೊಟ್ಟು ಮುರಿದ. ಒಂದೇ ಏಟಿಗೆ ಮುರಿಯಲಿಲ್ಲ, ಎರಡು ಸಲ ಒತ್ತಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ನಗುನಗುತ್ತ ಹೇಳುತ್ತೇವೆ. ಬರೆ ಹಾಕುವುದನ್ನು ಎದುರಿಗೆ ನಿಂತು ನೋಡಿದವರು ಹಾಗೆ ನಗಲಾರರು.

ತಂಗಿ ಮೂರನೆಯ ದಿನ ಗಂಡನ ಊರಿಗೆ ಹೊರಟಳು. ಗಾಡಿ ಹತ್ತುವಾಗ ಅಣ್ಣ ಹತ್ತಿರ ಹೋದ. ಹುಟ್ಟಿ ಬೆಳೆದ ಮನೆಯಲ್ಲಿ ಅವಳು ಕನ್ನಡವನ್ನೇ ಆಡಿದವಳು. ಅವತ್ತು ಮಾತ್ರ ಅತ್ತೆಮನೆಯ ತೆಲುಗಿನಲ್ಲಿ, ಪರಕೀಯರಿಗೆ ಹೇಳುವ ಹಾಗೆ, “ಇಂಕ ನೇನು ಈ ಇಂಟಿಕಿ ರಾನು” ಎಂದಳು. ಇನ್ನು ಈ ಮನೆಗೆ ಬರುವುದಿಲ್ಲ ಎಂದು. ತಮ್ಮನ ತಲೆ ಸವರಿ ಹೋದಳು. ಅಣ್ಣನ ಮುಖ ನೋಡಲಿಲ್ಲ.

ಅದೇ ದಿನ ಕುಲುಮೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು, ಎದ್ದು ಹೋಗಿ ಕುಲುಮೆಯ ಬಾಗಿಲು ಹಾಕಿ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನೀನು ಮುಟ್ದೆ ಅಂತ ಗೊತ್ತಾದ್ರೆ ಅಣ್ಣನೂ ಇಲ್ಲ ತಮ್ಮನೂ ಇಲ್ಲ, ಸಾಯ್ಸಿದ್ದು ನೀನೇ ಅಂತಾರೆ,” ಎಂದರು. “ಸುಮ್ನಿದ್ಬುಡು. ಹೇಳುದ್ರೆ ಆ ತಮ್ಮನ್ನ ಹಿಡಕಂತಾರೆ. ಒಬ್ಬನ ಬದಲು ಇನ್ನೊಬ್ಬ, ಅದ್ರಿಂದ ಸತ್ತೋನು ಎದ್ದು ಬತ್ತಾನಾ?”

ಮೊದಲನೆಯ ಮಾತು ನನಗೆ ನಾಟಿತು, ಎರಡನೆಯ ಮಾತನ್ನು ನಾನು ಹಿಡಿದುಕೊಂಡೆ. ತಮ್ಮನಿಗೆ ಎಳೆಯ ಮಕ್ಕಳು, ಅವಸರದ ಸ್ವಭಾವ, ಗೊತ್ತಾದರೆ ಹಗ್ಗಕ್ಕೆ ಕತ್ತು ಕೊಟ್ಟಾನು. ಅವನ ಜೀವಕ್ಕಾಗಿ ಸುಮ್ಮನಿದ್ದೇನೆ ಎಂದು ದಿನಾ ನನಗೆ ನಾನೇ ಹೇಳಿಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಹೋದ ಮಾತಿಗೆ ನಮ್ಮ ಹಿರಿಯರು ಏನೂ ಹೇಳಿಟ್ಟಿಲ್ಲ. ಅಥವಾ ನನಗೆ ಯಾರೂ ಕಲಿಸಲಿಲ್ಲ.

ಮೂರು ವರ್ಷ ಹೀಗೇ ಹೋಯಿತು. ಅಣ್ಣತಮ್ಮಂದಿರ ಒಲೆ ಆ ಮಳೆಗಾಲಕ್ಕೇ ಎರಡಾಯಿತು. ಅಣ್ಣ ಹಟ್ಟಿಯ ಅಂಚಿಗೆ ಗುಡಿಸಲು ಹಾಕಿಕೊಂಡು ಕುರಿ ಮೇಯಿಸುತ್ತಿದ್ದ. ಮಾತು ಬಹಳ ಕಡಿಮೆಯಾಯಿತು. ಕುಡುಗೋಲು ಹರಿತ ಮಾಡಿಸಲು ನಮ್ಮಲ್ಲಿಗೇ ಬರುತ್ತಿದ್ದ, ಅದೂ ಬೇಕಾದದ್ದಕ್ಕಿಂತ ಹೆಚ್ಚು ಸಲ. ಕೆಲಸ ಮುಗಿದ ಮೇಲೂ ಎದ್ದು ಹೋಗದೆ ಬಾಗಿಲ ಕಲ್ಲಿನ ಮೇಲೆ ಕೂತಿರುತ್ತಿದ್ದ. ನನ್ನ ಗಂಡ ಇಲ್ಲದಿದ್ದಾಗಲೂ ಕೂರುತ್ತಿದ್ದ. ನೀರು ಕೊಟ್ಟರೆ ಕುಡಿಯುತ್ತಿದ್ದ. ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ಯಾಕಾದರೂ ಇಲ್ಲಿ ಕೂತು ನನ್ನ ಜೀವ ತಿನ್ನುತ್ತಾನೆ ಎಂದು. ತಿದಿ ಒತ್ತುವ ನೆವದಲ್ಲಿ ಅವನಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಹೊಸತೊಡಕಿನ ದಿನ ಅವನು ಬೆಳಕು ಹರಿಯುವ ಮುಂಚೆ ಕುರಿ ಹೊಡೆದುಕೊಂಡು ತಾವರೆಕೆರೆಯ ದಾರಿ ಹಿಡಿಯುತ್ತಿದ್ದ, ಬೇಟೆಯವರ ಕೂಗು ಕಿವಿಗೆ ಬೀಳದಷ್ಟು ದೂರ.

ಆ ಮೂರು ವರ್ಷ ಬಾಣಗಳನ್ನು ನಾನು ಮುಟ್ಟಲಿಲ್ಲ. ಗಂಡ ಕೇಳಲೂ ಇಲ್ಲ. ಬಾಣ ಮೊದಲಿನ ಹಾಗೆ ಹೋಗುವುದಿಲ್ಲ ಎಂದು ಹಟ್ಟಿಯವರು ಗೊಣಗಿದರು.

ನಾಲ್ಕನೆಯ ವರ್ಷ ಶ್ರಾವಣದಲ್ಲಿ ಪಾವಗಡದ ಕಡೆಯಿಂದ ಸುದ್ದಿ ಬಂತು. ತಂಗಿ ಜ್ವರದಲ್ಲಿ ತೀರಿಕೊಂಡಿದ್ದಳು. ಅಣ್ಣ ತಮ್ಮ ಇಬ್ಬರೂ ಹೋದರು, ಬೇರೆ ಬೇರೆಯಾಗಿ. ತಮ್ಮ ಮಣ್ಣು ಹಾಕಿ ಬಂದ. ಅಣ್ಣನನ್ನು ಊರ ಮುಂದಿನ ಹಳ್ಳದಲ್ಲೇ ತಡೆದರಂತೆ. ಇವನು ಬರಬಾರದೆಂದು ಅವಳೇ ಸಾಯುವ ಮುಂಚೆ ಹೇಳಿದ್ದಳಂತೆ. ಅವನು ಸಂಜೆಯವರೆಗೆ ಹಳ್ಳದ ಈಚೆ ಕೂತಿದ್ದು, ನಡೆದುಕೊಂಡು ವಾಪಸು ಬಂದ. ಇದನ್ನು ನನಗೆ ಹೇಳಿದವನು ತಮ್ಮ, ಕುಲುಮೆಗೆ ಬಂದಿದ್ದಾಗ.

ಆಮೇಲೆ ನನ್ನಿಂದ ತಡೆಯಲಾಗಲಿಲ್ಲ. ಗಂಡನಿಗೆ ಹೇಳದೆ ಮಧ್ಯಾಹ್ನದ ಬಿಸಿಲಲ್ಲಿ ಬೆಟ್ಟದ ಬುಡಕ್ಕೆ ಹೋದೆ. ಅಣ್ಣ ಹುಣಸೆಮರದ ಕೆಳಗೆ ಕೂತು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ನಿಂತುಕೊಂಡೇ ಹೇಳಿದೆ. ಅಲಗು ನಿನ್ನದು, ಕಡ್ಡಿ ನಿನ್ನ ತಮ್ಮನದು, ಕೂಡಿಸಿದವಳು ನಾನು. ಎಷ್ಟು ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತು ಅದು, ಹೇಳಿ ಮುಗಿಸಲು ಕುರಿಯ ಮುಳ್ಳು ತೆಗೆಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಅವನು ಕುರಿಯನ್ನು ಬಿಟ್ಟು ಕೈ ಒರೆಸಿಕೊಂಡ. “ಗೊತ್ತು,” ಎಂದ.

ಹೊತ್ತು ತರುವಾಗ ಕಡ್ಡಿ ಮುರಿದೆನಲ್ಲ, ಆಗಲೇ ಕೈಗೆ ಗೊತ್ತಾಯಿತು ಎಂದ. ಅದು ತೆಳ್ಳನೆಯ ಕಡ್ಡಿ, ತಮ್ಮನಿಗೆಂದು ತಾನೇ ಕಡಿದು ತಂದದ್ದು. ಕಟ್ಟೆಮನೆಯಲ್ಲಿ ಅದರ ಅಲಗಿನ ಮೇಲೆ ತನ್ನ ಗುರುತು ಕಂಡಾಗ ಕೂಡಿಸಿದ್ದರಲ್ಲಿ ಏನೋ ಅದಲು ಬದಲಾಗಿದೆ ಎಂದು ತಿಳಿಯಿತು. ನನ್ನ ಗಂಡ ಜ್ವರದಲ್ಲಿ ಮಲಗಿದ್ದದ್ದು ಊರಿಗೇ ಗೊತ್ತಿದ್ದ ಮಾತು. ಕೂಡಿಸಿದವರು ಯಾರೆಂದು ತಿಳಿಯಲು ಅವನಿಗೆ ಕಷ್ಟವಾಗಲಿಲ್ಲ.

ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು, ತಪ್ಪು ಅವನದೇ ಎಂಬ ಹಾಗೆ.

“ನಾನೆಂಗೆ ಹೇಳಲಿ? ನಾನು ಹೇಳುದ್ರೆ ತಮ್ಮನ ಮ್ಯಾಲೆ ಹೊರೆಸ್ದಂಗೆ ಆಗಲ್ವಾ. ನಿನ್ನ ಕಡೆ ನೋಡ್ದೆ. ನೀನು ಹೇಳ್ತೀಯ ಅಂದ್ಕಂಡೆ.”

ಹೇಳಿದ್ದರೆ ತಮ್ಮನನ್ನು ಹಿಡಿಯುತ್ತಿದ್ದರಲ್ಲ, ಅವನ ಜೀವಕ್ಕಾಗಿಯೇ ಸುಮ್ಮನಿದ್ದೆ ಎಂದೆ. ಮೂರು ವರ್ಷ ಕಟ್ಟಿಟ್ಟುಕೊಂಡಿದ್ದ ಸಮಾಧಾನ ಅದು. ಅವನು ನನ್ನ ಮುಖವನ್ನು ನೋಡಿದ. ಸಿಟ್ಟಿರಲಿಲ್ಲ. ದಡ್ಡ ಮಗುವಿಗೆ ಬಿಡಿಸಿ ಹೇಳುವ ಹಾಗೆ ಹೇಳಿದ.

“ಗುರುತು ಕಲೆತೋಗೈತೆ, ಯಾರ ಅಲಗು ಯಾರ ಕಡ್ಡಿಗೆ ಹೋಯ್ತೋ ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ಆಮ್ಯಾಕೆ ಯಾರ ಬಾಣ ಅಂತ ಹೇಳಾಕೆ ಯಾರಿಗೂ ಆಯ್ತಿರ್ಲಿಲ್ಲ. ನಾನೂ ಉಳೀತಿದ್ದೆ, ಅವನೂ ಉಳೀತಿದ್ದ. ನನ್ ತಂಗಿಗೆ ತೌರುಮನೆ ಉಳೀತಿತ್ತು.”

ಅಷ್ಟು ಸರಳವಾಗಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ಅದು ನನಗೆ ಹೊಳೆದಿರಲಿಲ್ಲ. ತಮ್ಮನ ಬಗ್ಗೆ ನಿಜವಾಗಿ ಯೋಚಿಸಿದ್ದರೆ ಹೊಳೆಯುತ್ತಿತ್ತು. ನಾನು ಯೋಚಿಸಿದ್ದು ನನ್ನ ಬಗ್ಗೆ. ಸಾಯಿಸಿದ್ದು ನೀನೇ ಎನ್ನುತ್ತಾರೆ ಎಂಬ ಆ ಒಂದು ಮಾತಿಗೆ ಹೆದರಿ ಕೂತಿದ್ದೆ. ಅಲ್ಲೇ ನೆಲದ ಮೇಲೆ ಕುಸಿದು ಅತ್ತೆ. ಅವನು ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ.

ಈಗಲೇ ಹೋಗಿ ಯಜಮಾನನಿಗೆ ಹೇಳುತ್ತೇನೆ, ಕಟ್ಟೆಮನೆ ಕೂಡಿಸಲಿ ಎಂದೆ.

“ಅವಳಿದ್ದಾಗ ಬರಬೇಕಿತ್ತು ಕಣಮ್ಮ,” ಎಂದ. “ಈಗ ಹೇಳಿ ಏನಾಗಬೇಕು? ಬಿಲ್ಲು ನನಗೆ ಬ್ಯಾಡ. ಕಲೆತೋಗೈತೆ ಅಂತ ತಿಳಿದ್ರೆ ಅವನಿಗೆ ಅನುಮಾನ ಹುಟ್ಟುತ್ತೆ, ನಂದೇನೋ ಅಂತ ದಿನಾ ಸಾಯ್ತಾನೆ. ಅವನೊಬ್ಬ ಉಳಿದವ್ನೆ. ಅಂಗೇ ಇರಾಕೆ ಬುಡು.” 

ಆಣೆ ಮಾಡಿಸಿಕೊಳ್ಳಲಿಲ್ಲ. ಆಣೆಗಿಂತ ಅವನ ಆ ಮಾತು ಗಟ್ಟಿಯಾಗಿತ್ತು. ಮುಂದೆ ಅವನು ಕುಡುಗೋಲು ತಂದರೂ ಬಾಗಿಲ ಕಲ್ಲಿನ ಮೇಲೆ ಕೂರುವುದನ್ನು ಬಿಟ್ಟ. ಕೆಲಸ ಮುಗಿದ ಕೂಡಲೇ ಎದ್ದು ಹೋಗುತ್ತಿದ್ದ.

ಮುಂದಿನ ಯುಗಾದಿಗೆ ತಮ್ಮ ಬಾಣದ ಕಟ್ಟು ತಂದ. ನನ್ನ ಗಂಡ ಊರೊಳಗೆ ಹೋಗಿದ್ದರು. ಅವರು ಬರುವವರೆಗೆ ಕೂತಿರುತ್ತೇನೆ ಎಂದು ಕುಲುಮೆಯ ಮುಂದೆ ಕೂತು ಎಲೆ ಅಡಿಕೆ ಹಾಕಿಕೊಂಡ. ತಂಗಿಯ ಮಾತು ಬಂತು. ಅವಳ ಮಕ್ಕಳು ಅಜ್ಜಿಯ ಹತ್ತಿರ ಹೇಗಿವೆಯೋ ಎಂದ. ಕಣ್ಣಲ್ಲಿ ನೀರು ತಂದುಕೊಂಡ. ಅವನು ಒಳ್ಳೆಯವನೇ, ಅದರಲ್ಲಿ ಸುಳ್ಳಿಲ್ಲ.

“ಏನೇ ಅನ್ನು ಕಣಮ್ಮ,” ಎಂದ, “ನಮ್ಮಣ್ಣನ್ನ ನಾನಿನ್ನೂ ಕ್ಷಮಿಸಾಕೆ ಆಗ್ಲಿಲ್ಲ. ಅವನು ನೋಡಿ ಬಾಣ ಬಿಡಬೇಕಿತ್ತು.”

ನಾನು ತಿದಿಯ ಮೇಲೆ ಕೈಯಿಟ್ಟುಕೊಂಡು ಹೂಂ ಎಂದೆ.